ಅಮೆರಿಕದ ಕಾರೂ ಹೊರಡುವಾಗ ಆಡದ ಮಾತೂ

ನಮ್ಮನೆಯವರಿಗೆ ಕಾರಿನ ಹುಚ್ಚು ಹಿಡಿದದ್ದು ಹತ್ತನೇ ವಯಸ್ಸಿನಲ್ಲಂತೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಊಟಿ ಕಡೆಯ ಯಾರೋ ಎಸ್ಟೇಟ್ ಧಣಿ ಅಮೆರಿಕದ ಕಾರು ನಿಲ್ಲಿಸಿ ಟೀ ಕುಡಿದನಂತೆ. ಉದ್ದ ಮೂತಿ, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ. ಅದು ಸ್ಟಾರ್ಟ್ ಆದಾಗ ಹೋಟೆಲಿನ ಲೋಟಗಳೆಲ್ಲ ಗಡಗಡ ಅಂದವಂತೆ. ಮದುವೆಯಾದಾಗಿನಿಂದ ಈ ಕಥೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಜೀವಮಾನವೆಲ್ಲ ಚಾಮರಾಜನಗರದಿಂದ ಅರಿಶಿನದ ಲಾರಿ ಓಡಿಸಿದವರು, ಹೋದ ವರ್ಷ ಲಾರಿ ಮಾರಿ, ನೀಲಗಿರಿಯ ಶೆಡ್ಡೊಂದರಲ್ಲಿ ಕೋಳಿ ಮಲಗುತ್ತಿದ್ದ ಅಂಥದ್ದೇ ಕಾರನ್ನು ತಂದರು. ಗುಂಡ್ಲುಪೇಟೆಯ ಮಲಯಾಳಿ ಮೆಕ್ಯಾನಿಕ್ ಒಬ್ಬ ಅದಕ್ಕೆ ಜೀವ ತುಂಬಿದ. ಇವರು ಆ ಕಾಲದ ಸಾಮಾನೇ ಬೇಕೆಂದು ಊರೂರು ಅಲೆದರು. ದಪ್ಪ ಕ್ಯಾಸೆಟ್ಟಿನ ಟೇಪು, ಕ್ರೋಮ್ ಕನ್ನಡಿ, ಸ್ಟೇರಿಂಗಿಗೆ ತುಪ್ಪಳದ ಕವರು. ನನಗೊಂದು ಸೀರೆ ಆರಿಸಲು ಇಷ್ಟು ಓಡಾಡಿದ ಮನುಷ್ಯ ಅಲ್ಲ. ಆದರೂ ಆ ಮುಖ ನೋಡಿ ನನಗೂ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗೋಪಾಲಸ್ವಾಮಿ ಬೆಟ್ಟಕ್ಕೆ ಈಗ ಸ್ವಂತ ಗಾಡಿ ಬಿಡುವುದಿಲ್ಲ. ಹಾಗಾಗಿ ಮೊದಲ ಪೂಜೆ ಬಿಳಿಗಿರಿರಂಗನ ಬೆಟ್ಟದಲ್ಲಿ ಎಂದಾಯಿತು. ಆ ಬೆಳಿಗ್ಗೆ ಮೆಕ್ಯಾನಿಕ್ ಕಾರು ತಂದಾಗ ಇವರು ಒಳಗೆ ಪಂಚೆ ಉಡುತ್ತಿದ್ದರು. ಅವನಿಗೆ ವಾಪಸ್ ಬಸ್ಸಿನ ಅವಸರ. ಅವನ ಬಾಯಲ್ಲಿ ನಾನು ಚೇಚಿ, ಅಂದರೆ ಅಕ್ಕ. ನನ್ನನ್ನೇ ಕರೆದು ಹೇಳಿದ.

"ಚೇಚೀ, ಇಳಿಜಾರಲ್ಲಿ ಇಂಜಿನ್ ಆಫ್ ಮಾಡ್ಬಾರ್ದು ಅಂತ ಸಾರ್‌ಗೆ ಹೇಳಿ. ಇದು ಲಾರಿಯಲ್ಲ. ಇಂಜಿನ್ ನಿಂತ್ರೆ ಬ್ರೇಕು ಕಲ್ಲಾಗ್ತದೆ, ಒತ್ತಿದ್ರೂ ಹಿಡಿಯಲ್ಲ."

ಇವರದು ಹಳೇ ಚಾಳಿ. ಇಳಿಜಾರು ಕಂಡರೆ ಸಾಕು, ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್ ಮಾಡಿ ಕೀ ತಿರುಗಿಸಿಬಿಡುತ್ತಿದ್ದರು.

ಹೇಳಲೆಂದೇ ಬಾಗಿಲವರೆಗೆ ಹೋದೆ. ಅಷ್ಟರಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಹೊರಟವರನ್ನು ಎಲ್ಲಿಗೆ ಅಂತಲೂ ಕೇಳದ ಮನೆ ನಮ್ಮದು. ಬ್ರೇಕು ಹಿಡಿಯಲ್ಲ ಅನ್ನುವ ಮಾತನ್ನು ಹೇಗೆ ಆಡಲಿ? ಪೂಜೆ ಮುಗಿಯಲಿ, ಇಳಿಯುವ ಮುಂಚೆ ಹೇಳಿದರಾಯಿತು ಎಂದುಕೊಂಡೆ.

ಪೂಜೆಯಾಯಿತು. ಜನ ಸುತ್ತ ನಿಂತು ಫೋಟೊ ತೆಗೆದುಕೊಂಡರು. ಇವರು ಗಂಧ ಹಚ್ಚಿಕೊಂಡು ಮದುಮಗನ ಹಾಗೆ ಕೂತರು. ಗುಡಿಯ ಎದುರಿಗೇ ಬೇಡ, ಮೊದಲ ತಿರುವು ದಾಟಲಿ ಎಂದು ಇನ್ನೂ ತಡೆದೆ. ದಾಟಿತು. ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ಕೀ ತಿರುಗಿಸಿಯಾಗಿತ್ತು. ಗುಡುಗುತ್ತಿದ್ದ ಕಾರಿನ ಸದ್ದಡಗಿತು. ಕಾಡಿನಲ್ಲಿ ಬಿದಿರು ಕಿರುಗುಟ್ಟುವುದು ಕೇಳಿಸಿತು.

ಎರಡು ಸಲ ಬ್ರೇಕು ಹಿಡಿಯಿತು. ಮೂರನೆಯ ಸಲ ಅವರು ಎದ್ದು ನಿಂತಂತೆ ಒತ್ತಿದರೂ ಕಾರು ನಿಲ್ಲಲಿಲ್ಲ. ಬಿಗಿದುಹೋದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಎಳೆದು, ಕೊರಕಲಿನ ಕಡೆ ಬಿಡದೆ, ಗುಡ್ಡದ ಬಂಡೆಗೆ ಗುದ್ದಿಸಿದರು. ಬಡಿದದ್ದು ಅವರ ಪಕ್ಕ. ನನಗೆ ತರಚು ಗಾಯವೂ ಆಗಲಿಲ್ಲ.

ಡಾಕ್ಟರು ಅವರ ಒಂದು ಕಾಲನ್ನು ಮಂಡಿಯ ಕೆಳಗೆ ತೆಗೆದರು. ಆಸ್ಪತ್ರೆಗೆ ಬಂದ ಮೆಕ್ಯಾನಿಕ್ ಅಳುತ್ತಾ, ಚೇಚಿಗೆ ಹೇಳಿದ್ದೆನಲ್ಲ ಎಂದ. ಇವರು ನನ್ನ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ ಅಮ್ಮಿ?"

ಗೊತ್ತಿತ್ತು ಅಂದೆ.

"ಓಗ್ಲಿ ಬುಡು. ನೀ ಯೋಳಿದ್ರೂ ನಾನೆಲ್ ಕೇಳ್ತಿದ್ದೆ."

ಅದು ಸುಳ್ಳು. ನನ್ನ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ.