ಲೀಕಿಗೆ ಮೆತ್ತಿದ ಅಂಟು

ಶಾಲೆ ನನಗೆ ನಾಲ್ಕನೆಯವರೆಗೆ ಮಾತ್ರ. ಉಳಿದದ್ದನ್ನು ಗಂಡನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕಲಿತೆ. ಅವರು ಹೋದ ಮೇಲೂ ಕುಂಬ್ರದ ಆ ಅಂಗಡಿಯನ್ನು ಮುಚ್ಚಲಿಲ್ಲ. ಈಗ ರಿಪೇರಿಗೆ ರೇಡಿಯೊ ಬರುವುದಿಲ್ಲ, ಯಂತ್ರಗಳಿಗೆ ಕರೆಂಟು ಹದಮಾಡಿ ಕೊಡುವ ಪವರ್ ಸಪ್ಲೈ ಬರುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ, ಕೋಳಿ ಸಾಕುವ ಬ್ಯಾರಿ ಹೆಂಗಸೊಬ್ಬಳು ಫೋನ್ ಮಾಡಿದಳು. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಟಿಕ್ ಟಿಕ್ ಎಂದು ನಿಂತುಹೋಗಿತ್ತು.

"ಕೆಪಾಸಿಟರ್ ಲೀಕ್ ಇರಬೇಕು, ಸಪ್ಲೈ ಬಿಚ್ಚಿ ತಾ," ಎಂದೆ.

ತಂದದ್ದು ಮಧ್ಯಾಹ್ನ. ಕರೆಂಟು ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ಬುಡಕ್ಕೆಲ್ಲ ನೀರಿನ ಪೈಪಿಗೆ ಹಾಕುವ ಅಂಟು ಮೆತ್ತಿತ್ತು.

"ಇದು ಎಂತ ಮಾರಾಯ್ತಿ?"

"ಲೀಕ್ ಉಂಟು ಅಂತ ನೀವೇ ಹೇಳಿದ್ದಲ್ವಾ ಅಜ್ಜಿ? ಒಣಗಲಿ ಅಂತ ಇಷ್ಟೊತ್ತು ಕಾದೆ."

"ಸೋರುದು ನೀರಲ್ಲ, ಕರೆಂಟು. ಇದನ್ನು ನಿನ್ನ ಮನೆಯ ಸೋರುವ ಮಾಡಿಗೆ ಮೆತ್ತು."

ನಕ್ಕಳು, ಮತ್ತೆ ಮುಖ ಸಣ್ಣ ಮಾಡಿದಳು. ಮೊಟ್ಟೆಗಳು ನಾಡಿದ್ದು ಒಡೆಯಬೇಕಿತ್ತು. ಮನೆಯಲ್ಲಿ ಅವಳ ಅತ್ತೆ ಬಿಸಿನೀರಿನ ಬಾಟ್ಲಿ ಇಟ್ಟು, ಕಂಬಳಿ ಹೊದೆಸಿ ಕೂತಿದ್ದರಂತೆ. ತಣಿದರೆ ಮರಿಗಳು ಒಳಗೇ ಸಾಯುತ್ತವೆ.

ಅಂಟು ಕೆರೆದು, ಔಟ್‌ಪುಟ್ ಕಡೆಯ ಎರಡೂ ಕೆಪಾಸಿಟರ್ ಬಿಚ್ಚಿದೆ. ಮೀಟರಿನಲ್ಲಿ ಎರಡರ ಅಳತೆಯೂ ಸರಿ ಬಂತು.

"ಸರಿ ಉಂಟಲ್ಲ, ಹಾಕಿ ಕೊಡಿ."

ಮೀಟರಿನ ಸಣ್ಣ ಬ್ಯಾಟರಿಗೆ ಯಾವ ಕೆಪಾಸಿಟರೂ ಹೆದರುವುದಿಲ್ಲ. ತಾಳಿಕೊಳ್ಳಬೇಕಾದ ವೋಲ್ಟೇಜ್ ಕೊಟ್ಟರೆ ಮಾತ್ರ ಬಣ್ಣ ಬಯಲಾಗುತ್ತದೆ. ಎರಡನ್ನೂ ಬದಲಿಸೋಣವೆಂದರೆ ಆ ಅಳತೆಯ ಹೊಸದು ನನ್ನ ಹತ್ತಿರ ಇದ್ದದ್ದು ಒಂದೇ. ಪುತ್ತೂರಿಗೆ ಹೋಗಿ ಬರುವವರೆಗೆ ಮೊಟ್ಟೆ ಕಾಯುವುದಿಲ್ಲ. ಕೆಟ್ಟದ್ದು ಯಾವುದೆಂದು ಗೊತ್ತಾಗಲೇಬೇಕು.

ನನ್ನ ಮೇಜಿನ ಸಪ್ಲೈಗೆ ಕರೆಂಟು ತಗ್ಗಿಸುವ ಒಂದು ರೆಸಿಸ್ಟರ್, ಅದರ ಮುಂದೆ ಮುಳ್ಳಿನ ಮೀಟರ್, ಕೊನೆಗೆ ಮೊದಲ ಕೆಪಾಸಿಟರ್ ಜೋಡಿಸಿದೆ. ಪ್ಲಸ್ ಮೈನಸ್ ಮತ್ತೊಮ್ಮೆ ನೋಡಿ ಕರೆಂಟು ಕೊಟ್ಟೆ. ಮುಳ್ಳು ಎದ್ದು, ಕೆಪಾಸಿಟರ್ ತುಂಬುತ್ತಾ ಬಂದಂತೆ ನಿಧಾನ ಇಳಿಯತೊಡಗಿತು.

"ಎಷ್ಟು ಹೊತ್ತು ಅಜ್ಜಿ?"

"ಮುಳ್ಳಿನ ಹತ್ರ ಕೇಳು."

ಅಷ್ಟರಲ್ಲಿ ಅತ್ತೆಯ ಫೋನ್ ಬಂತು, ಬಾಟ್ಲಿ ತಣಿಯುತ್ತಿದೆಯೆಂದು. ಅವಳು ನನ್ನ ಮುಖ ನೋಡಿದಳು. ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅರ್ಧದಲ್ಲಿ ಬಿಚ್ಚಿದರೆ ಒಳ್ಳೆಯದೂ ಕೆಟ್ಟದ್ದರ ಹಾಗೆಯೇ ಕಾಣುತ್ತದೆ. ಮುಳ್ಳು ಸೊನ್ನೆಯ ಹತ್ತಿರ ಬಂದು ಮಲಗಿತು. ಇದು ಒಳ್ಳೆಯದು.

ಎರಡನೆಯದರಲ್ಲಿ ಅದು ನಡುವಿನಲ್ಲೇ ನಿಂತಿತು. ಎಷ್ಟು ಕಾದರೂ ಇಳಿಯಲಿಲ್ಲ, ಕರೆಂಟು ಸೋರುತ್ತಲೇ ಇತ್ತು. ಅದರ ಜಾಗಕ್ಕೆ ಹೊಸದನ್ನು ಹಾಕಿ, ಬಲ್ಬು ಕಟ್ಟಿ ಉರಿಸಿ ನೋಡಿ, ಅವಳ ಕೈಗೆ ಕೊಟ್ಟೆ. ಚಾ ಕುಡಿಯಲೂ ನಿಲ್ಲದೆ ಓಡಿದಳು.

ಮೂರನೇ ದಿನ ಫೋನ್ ಬಂತು.

"ಅಜ್ಜಿ, ಮೊಟ್ಟೆ ಎಲ್ಲ ಲೀಕ್ ಆಗ್ತಾ ಉಂಟು."

ಹಿಂದಿನಿಂದ ಚಿಂವ್ ಚಿಂವ್ ಕೇಳುತ್ತಿತ್ತು.

"ಅಂಟು ಮೆತ್ಬೇಡ," ಎಂದು ಫೋನ್ ಇಟ್ಟೆ.