ಅಬೆಲನ ವೈನಿನಲ್ಲಿ ಕಬ್ಬಿಣದ ರುಚಿ

ಗುಜಾನ್ ಎಂಬ ಊರಿನ ಸೊಲಾಂಜಳಿಗೆ ಯಾರಾದರೂ ನಯವಾಗಿ ಮಾತಾಡಿಸಿದರೆ ಸಾಕು, ಅನುಮಾನ ಶುರು. ಬ್ರೆಡ್ ಅಂಗಡಿಯವಳು ನಕ್ಕರೆ ನಿನ್ನೆಯ ಬ್ರೆಡ್ ಕಟ್ಟಿಕೊಟ್ಟಿದ್ದಾಳೆಂದೇ ಅರ್ಥ. ಪಾದ್ರಿ ಮಂಡಿನೋವು ವಿಚಾರಿಸಿದರೆ ಚರ್ಚಿನ ಮಾಡು ಸೋರುತ್ತಿದೆ, ಚಂದಾ ಬೇಕಾಗಿದೆ ಎಂದು ಅರ್ಥ. ಬಹಳ ಸಲ ಅವಳ ಅನುಮಾನ ನಿಜವೇ ಆಗುತ್ತಿದ್ದುದರಿಂದ ಅವಳನ್ನು ತಿದ್ದುವುದು ಯಾರಿಂದಲೂ ಆಗಿರಲಿಲ್ಲ.

ಅರ್ಕಶೋನ್ ಕೊಲ್ಲಿಯ ದಂಡೆಯಲ್ಲಿ, ಟಾರು ಬಳಿದ ಹಲಗೆಯ ಗುಡಿಸಲಿನಲ್ಲಿ ಅವಳೂ ಗಂಡ ರೇಮೋನನೂ ಚಿಪ್ಪು ಬಿಚ್ಚಿ ಹಸಿಯಾಗಿಯೇ ತಿನ್ನುವ ಸಿಂಪಿ ಮಾರುತ್ತಿದ್ದರು. ನೀರು ಇಳಿದಾಗ ದೋಣಿಯಲ್ಲಿ ಹೋಗಿ, ಬೆಳೆಯುವ ಸಿಂಪಿಗಳನ್ನು ನೋಡಿಕೊಂಡು ಬರುವುದು ಅವನ ಕೆಲಸ. ಮಂಡಿ ಕೈಕೊಟ್ಟ ಮೇಲೆ ಅವಳು ದೋಣಿ ಹತ್ತಿರಲಿಲ್ಲ. ಗುಡಿಸಲಿನ ಮೇಜುಗಳು, ಅಲ್ಲಿ ಕೂತವರಿಗೆ ಸಿಂಪಿಯ ಜೊತೆ ಯಾವ ಬಿಳಿ ವೈನ್ ಕೊಡಬೇಕೆಂಬ ತೀರ್ಮಾನ, ಇವು ಅವಳವು. ತಾವೇ ಬೆಳೆದ ಸಿಂಪಿಯನ್ನಲ್ಲದೆ ಬೇರೆಯದನ್ನು ಆ ಮೇಜಿನ ಮೇಲೆ ಇಡುವಂತಿಲ್ಲ, ಅದು ದಂಡೆಯ ಕಟ್ಟಳೆ. ವೈನನ್ನು ಮಾತ್ರ ಆರಿಸಬಹುದು. ಸೊಲಾಂಜ್ ಆರಿಸಿದ್ದನ್ನೇ ಅಕ್ಕಪಕ್ಕದ ಗುಡಿಸಲಿನವರೂ ಕಣ್ಣುಮುಚ್ಚಿ ತರಿಸುತ್ತಿದ್ದರು.

ಕ್ರಿಸ್‌ಮಸ್‌ಗೆ ಮುಂಚೆ ದಿಣ್ಣೆಯ ದ್ರಾಕ್ಷಿತೋಟದ ಅಬೆಲ್ ಪ್ರತಿ ವರ್ಷ ತನ್ನ ವೈನಿನ ಬಾಟಲಿ ಹಿಡಿದು ಬರುತ್ತಿದ್ದ. ಅವಳು ಒಂದು ಸಿಂಪಿಯನ್ನು ಅದರ ನೀರಿನ ಸಮೇತ ಬಾಯಿಗೆ ಹಾಕಿಕೊಂಡು, ಹಿಂದೆಯೇ ಒಂದು ಗುಟುಕು ವೈನ್ ಕುಡಿದು ತೀರ್ಪು ಹೇಳುವಳು. ಆ ಹೊತ್ತಿನಲ್ಲಿ ದಂಡೆಯವರು ಅಳೆಯುವುದು ವೈನಿನ ರುಚಿಯನ್ನು, ಸಿಂಪಿಯದನ್ನಲ್ಲ. ತೂಕದ ಬಟ್ಟನ್ನು ಯಾರಾದರೂ ತೂಗುತ್ತಾರೆಯೇ?

ಈ ವರ್ಷ ಗುಟುಕು ಇಳಿದದ್ದೇ ಅವಳು ಮುಖ ಹಿಂಡಿದಳು. ಬೀಗದ ಕೈ ನೆಕ್ಕಿದ ಹಾಗೆ ಕಬ್ಬಿಣದ ರುಚಿ.

"ಏನಯ್ಯಾ ಬೆರೆಸಿದೀಯ ಇದಕ್ಕೆ?"

"ದ್ರಾಕ್ಷಿ," ಎಂದ ಅಬೆಲ್.

"ಹುಡುಗಾಟ ಆಡ್ಬೇಡ. ಇದು ನಿನ್ನ ವೈನೇ ಅಲ್ಲ. ಯಾರ ಹತ್ರ ಕೊಂಡ್ಕೊಂಡು ಬಂದೆ?"

"ನಮ್ಮಮ್ಮನಾಣೆ, ನಮ್ಮ ತೋಟದ್ದೇ ಕಣೇ ತಾಯಿ."

"ನಿಮ್ಮಮ್ಮನೂ ವೈನಿಗೆ ನೀರು ಹಾಕ್ತಿದ್ಲು ಅಂತ ಕೇಳಿದೀನಿ ಬಿಡು."

ಅಬೆಲ್ ಬಾಟಲಿಗೆ ಬಿರಡೆ ಒತ್ತಿ ಎದ್ದು, ಪಕ್ಕದಲ್ಲೇ ನಿಂತಿದ್ದ ರೇಮೋನನನ್ನು ದಾಟಿ ಹೋದ. ಮೂವತ್ತು ವರ್ಷದ ಸ್ನೇಹ ಒಂದು ಮಾತಿಗೆ ಮುರಿದುಬಿತ್ತು. ಸೊಲಾಂಜ್ ಬೇರೆ ತೋಟದವರನ್ನು ಕರೆಸಿದಳು. ಅವರ ವೈನಿನಲ್ಲೂ ಅದೇ ಕಬ್ಬಿಣ. ದಿಣ್ಣೆಯವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಅದನ್ನು ಊರಿಡೀ ಸಾರಿಯೂ ಬಂದಳು.

"ಬಿಡೇ, ಈ ವರ್ಷ ದ್ರಾಕ್ಷಿ ಚೆನ್ನಾಗಿ ಬರ್ಲಿಲ್ವೇನೋ. ಯಾವ್ದೋ ಒಂದು ಇಟ್ರಾಯ್ತು," ಎಂದ ರೇಮೋನ್.

"ನಿಂಗೇನು ಗೊತ್ತಾಗತ್ತೆ? ಹಸುವಿನಂಥೋನು ನೀನು."

ಶನಿವಾರ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಅಬೆಲ್ ಬರಿಗೈಲಿ ಬಂದು ಮೇಜಿಗೆ ಕೂತ. "ಸಿಂಪಿ ಕೊಡು. ದುಡ್ಡು ಕೊಟ್ಟೇ ತಿಂತೀನಿ. ವೈನ್ ಬೇಡ." ಒಂದನ್ನು ತಿಂದ. ಮುಳ್ಳುಚಮಚ ಕೆಳಗಿಟ್ಟ. ಅವಳ ಕಡೆ ನೋಡದೆ, ಮೂಲೆಯಲ್ಲಿ ಸಿಂಪಿ ಬಿಚ್ಚುತ್ತಿದ್ದ ರೇಮೋನನ ಕಡೆ ನೋಡಿದ.

"ಸೊಲಾಂಜ್, ನೀನೂ ಒಂದು ತಿನ್ನು. ಬರೀ ಸಿಂಪಿ."

ಇದರಲ್ಲೇನು ಮಸಲತ್ತಿದೆಯೋ ಎಂದುಕೊಂಡೇ ಅವಳು ತಿಂದಳು. ಅವರ ಸಿಂಪಿ ಉಪ್ಪುಪ್ಪಾಗಿ ಶುರುವಾಗಿ ಕೊನೆಯಲ್ಲಿ ಹಸಿ ಬಾದಾಮಿಯ ಸಿಹಿ ಬಿಡುತ್ತಿತ್ತು. ಇದರಲ್ಲಿ ಸಿಹಿಯೇ ಇಲ್ಲ. ಬರೀ ಉಪ್ಪು, ಆಮೇಲೆ ಅದೇ ಕಬ್ಬಿಣ. ಇದು ಬೇರೆ ಯಾವುದೋ ಸಮುದ್ರದ್ದು. ಅಬೆಲ್ ಟೋಪಿ ಹಾಕಿಕೊಂಡು ಹೊರಟುಹೋದ.

"ಎಲ್ಲಿಯದು ಇದು?"

ರೇಮೋನ್ ಚಾಕು ಕೆಳಗಿಟ್ಟ. "ಉತ್ತರದ ಕಡಲಿಂದ ಕೊಂಡು ತಂದಿದ್ದು. ನಮ್ಮವೆಲ್ಲ ಬೇಸಿಗೇಲೇ ಸತ್ತುಹೋದ್ವು ಕಣೇ. ಒಂದೂ ಉಳೀಲಿಲ್ಲ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ನಾನು ಆ ಮನುಷ್ಯನ ತಾಯೀನ ಬೈದೆ. ನೀನು ಇಲ್ಲೇ ನಿಂತಿದ್ದೆ."

"ನೀನೇ ಹಿಡೀತೀಯ ಅಂತ ದಿನಾ ಕಾಯ್ತಿದ್ದೆ. ನಿಂಗೆ ಎಲ್ಲರ ಮೇಲೂ ಅನುಮಾನ. ನನ್ನ ಮೇಲೆ ಒಂದ್ಸಲನೂ ಬರ್ಲಿಲ್ವಲ್ಲೇ?"

ಅಷ್ಟರಲ್ಲಿ ಗಿರಾಕಿಗಳು ಬಾಗಿಲು ತಟ್ಟಿದರು. ಅವಳು ಕುಂಟುತ್ತ ಹೋಗಿ ಅರ್ಧ ತೆಗೆದಳು.

"ಇವತ್ತು ಸಿಂಪಿ ಇಲ್ಲ."

"ಬುಟ್ಟಿ ತುಂಬ ಕಾಣ್ತಿದೆಯಲ್ಲಮ್ಮ?"

"ಅವು ನಮ್ಮವಲ್ಲ!" ಎಂದಳು, ಪಕ್ಕದ ಗುಡಿಸಲುಗಳಿಗೂ ಕೇಳುವ ಹಾಗೆ.

ಬಾಗಿಲು ಹಾಕಿ ತಿರುಗಿದಾಗ ರೇಮೋನ್ ತಲೆ ತಗ್ಗಿಸಿ ಕೂತಿದ್ದ. "ಇನ್ನೇನೂ ಮುಚ್ಚಿಟ್ಟಿಲ್ಲ ಕಣೇ," ಎಂದ. ಮದುವೆಯಾದ ಮೇಲೆ ಮೊದಲ ಸಲ ಅವಳು ಅವನನ್ನು ಹೊರಗಿನವರನ್ನು ನೋಡುವ ಹಾಗೆ ನೋಡಿದಳು.