ಮೀನಿನ ಗಾಡಿಯಲ್ಲಿ ಕಾಂಡ್ಲಾ ಗಿಡ

ನನ್ನ ಅಬ್ಬಾ ಮೀನಿನ ಗಾಡಿ ಓಡಿಸುತ್ತಿದ್ದರು. ಬೆಳಗಿನ ಜಾವ ಶಿರಸಿಯಿಂದ ಘಟ್ಟ ಇಳಿದು, ಕರಾವಳಿಯ ಬಂದರಿನಲ್ಲಿ ಬಂಗಡೆ, ತಾರ್ಲೆ, ಸಿಗಡಿ ತುಂಬಿಕೊಂಡು, ಐಸ್ ಕರಗುವ ಮೊದಲೇ ಮತ್ತೆ ಘಟ್ಟ ಹತ್ತಬೇಕು. ಶಿರಸಿ ಮಾರುಕಟ್ಟೆಯಲ್ಲಿ ಅರ್ಧ ಇಳಿಸಿ, ಉಳಿದದ್ದನ್ನು ಒಂದು ದಿನ ಸಿದ್ದಾಪುರಕ್ಕೆ, ಇನ್ನೊಂದು ದಿನ ಯಲ್ಲಾಪುರಕ್ಕೆ ಒಯ್ಯುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಹೆಣ್ಣುಮಗುವನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದು ಅಮ್ಮಿ ಪ್ರತಿ ಸಲವೂ ಕೇಳುತ್ತಿದ್ದಳು. ದಾರಿಯಲ್ಲಿ ಮಾತಾಡಲು ಯಾರಾದರೂ ಬೇಕಲ್ಲ, ಇಲ್ಲದಿದ್ದರೆ ನಿದ್ದೆ ಬರುತ್ತದೆ ಎಂದು ಅಬ್ಬಾ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದರು. ನಮ್ಮ ಮನೆಮಾತು ಉರ್ದು. ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಸಮುದ್ರ ನೋಡುವ ಆಸೆಯಿಂದ ಹೋದ ನನಗೆ ಮೊದಲ ದಿನ ಸಿಕ್ಕಿದ್ದು ಕೆಸರು. ಅಬ್ಬಾ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದಾಗ ನಾನು ಪಕ್ಕದ ಅಳಿವೆಯ ದಂಡೆಗೆ ಹೋಗಿ ನಿಂತೆ. ನದಿ ಸಮುದ್ರ ಸೇರುವ ಜಾಗ ಅದು. ನೀರು ಇಳಿದಿತ್ತು. ಕಣ್ಣಿಗೆ ಕಾಣುವಷ್ಟು ದೂರ ಕಪ್ಪು ಮಿಶ್ರಿತ ಬೂದು ಬಣ್ಣದ ಕೆಸರು, ಅದರ ತುಂಬ ಸಣ್ಣ ಸಣ್ಣ ತೂತು. ನಾನು ಅಲ್ಲಾಡದೆ ನಿಂತರೆ ತೂತಿನಿಂದ ಏಡಿಗಳು ಹೊರಗೆ ಬರುತ್ತಿದ್ದವು, ಕೈ ಎತ್ತಿದರೆ ಒಳಗೆ. ಎಷ್ಟು ಹೊತ್ತು ಹಾಗೆ ಆಡಿದೆನೋ, ಅಬ್ಬಾ ಹಾರ್ನ್ ಹೊಡೆದಾಗಲೇ ಎಚ್ಚರ. ವಾಪಸು ಬರುವಾಗ ಆ ತೂತುಗಳೊಳಗೆ ಇನ್ನೇನೇನು ಇರುತ್ತದೆ ಎಂದು ಕೇಳಿದೆ. ಐಸಿನ ಮೇಲೆ ಇರುವುದಾದರೆ ಹೇಳಬಲ್ಲೆ, ಕೆಸರಿನ ಒಳಗಿನದು ನನಗೇನು ಗೊತ್ತು ಎಂದರು ಅಬ್ಬಾ.

ಶಿರಸಿಯಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿದ ಮೇಲೆ ಕಾರವಾರಕ್ಕೆ ಹೋಗಿ ಕಡಲಜೀವಶಾಸ್ತ್ರ ಓದುತ್ತೇನೆಂದೆ. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಬಿ.ಎಡ್. ಮಾಡಿದರೆ ಊರಲ್ಲೇ ಟೀಚರ್ ಆಗಬಹುದು, ಸಮುದ್ರವೇ ಇಲ್ಲದ ಊರಿಗೆ ಆ ಓದು ಯಾಕೆ ಎಂದು ನೆಂಟರು ಕೇಳಿದರು. ಅಮ್ಮಿಗೆ ನೀರಿನ ಭಯ, ಹಾಸ್ಟೆಲ್ಲಿನ ಭಯ, ಮುಂದೆ ಮದುವೆ ಹೇಗೆ ಎನ್ನುವ ಭಯ. ಕೊನೆಗೆ ಮಾತಾಡಿದವರು ಅಬ್ಬಾ.

"ಈ ಮನೆ ನಡೆದದ್ದೇ ಮೀನಿನಿಂದ. ಮಗಳು ಅದನ್ನೇ ಓದುತ್ತೇನೆ ಅಂದರೆ ಬೇಡ ಅನ್ನಲಿಕ್ಕೆ ನನ್ನ ಬಾಯಿ ಬರುವುದಿಲ್ಲ," ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಓದು ಮುಗಿದ ಕೂಡಲೇ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತು. ಚಿಕ್ಕಂದಿನಲ್ಲಿ ಕಂಡಿದ್ದ ಅದೇ ಅಳಿವೆಯ ಖಾಲಿ ದಂಡೆಯಲ್ಲಿ ಕಾಂಡ್ಲಾ ಗಿಡ ನೆಡುವ ಕೆಲಸ. ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಊರುಗೋಲಿನಂತೆ ಚಾಚಿಕೊಂಡು ನಿಲ್ಲುವ ಮರ ಅದು. ದಂಡೆ ಕೊಚ್ಚಿಹೋಗದಂತೆ ಹಿಡಿಯುತ್ತದೆ, ಮೀನಿನ ಮರಿಗಳಿಗೆ ನೆರಳಾಗುತ್ತದೆ. ಕಂಡಷ್ಟು ಕೆಸರಿಗೆಲ್ಲ ಗಿಡ ನೆಡಬೇಕು ಎಂಬುದು ಯೋಜನೆಯವರ ಅವಸರ. ಮೊಣಕಾಲು ಮುಳುಗುವ ಕೆಸರಿನಲ್ಲಿ ಸಾಲಾಗಿ ನೆಟ್ಟೆವು. ಎಲೆ ಬಿಟ್ಟಾಗ ಫೋಟೋ ತೆಗೆದು ಅಮ್ಮಿಗೆ ಕಳಿಸಿದೆ. ಆಮೇಲೆ ಎಳೆಯ ಕಾಂಡಗಳಿಗೆ ಚಿಪ್ಪುಹುಳ ಕಚ್ಚಿಕೊಂಡವು. ಅವುಗಳ ಭಾರಕ್ಕೇ ಗಿಡಗಳು ಬಾಗಿ ಕೆಸರಿಗೆ ಮುಖ ಹಾಕಿದವು. ಉಳಿದವನ್ನು ಮಳೆಗಾಲದ ನೆರೆ ಎಳೆದೊಯ್ಯಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ, ಅಲ್ಲಿ ಯಾರೋ ಏನೋ ನೆಟ್ಟಿದ್ದರು ಎನ್ನುವುದಕ್ಕೆ ಗುರುತೇ ಇರಲಿಲ್ಲ. ಯೋಜನೆಯ ಅವಧಿಯೂ ಮುಗಿದಿತ್ತು. ಬ್ಯಾಗು ತೆಗೆದುಕೊಂಡು ಶಿರಸಿಗೆ ಬಂದೆ.

ಅತಿಥಿ ಉಪನ್ಯಾಸಕಿಯಾಗಿ ಸ್ವಲ್ಪ ಕಾಲ ಸಿದ್ದಾಪುರಕ್ಕೆ, ಸ್ವಲ್ಪ ಕಾಲ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿದೆ. ಪಾಠ ಮಾಡುವುದು ನನಗೆ ಇಷ್ಟವೇ. ಆದರೆ ಹಲಗೆಯ ಮೇಲೆ ಏಡಿಯ ಚಿತ್ರ ಬರೆಯುವಾಗ ಅಳಿವೆಯ ಕೆಸರು ನೆನಪಾಗುತ್ತಿತ್ತು. ಅದೇ ಹೊತ್ತಿಗೆ ಅಬ್ಬಾಗೆ ಸೊಂಟನೋವು ಜೋರಾಯಿತು. ದಿನಾ ಘಟ್ಟ ಹತ್ತಿ ಇಳಿಯುವುದು ಬೇಡ ಎಂದರು ಡಾಕ್ಟರು. ಗಾಡಿ ಮನೆಯ ಮುಂದೆ ನಿಂತಿತು. ಅಬ್ಬಾ ಬೆಳಗಿನ ಜಾವ ಎದ್ದು, ಹೋಗುವ ಜಾಗವಿಲ್ಲದೆ, ಅದನ್ನು ತೊಳೆಯುತ್ತಿದ್ದರು. 

ಆಗ ಶಿರಸಿಯಲ್ಲಿ ನದಿಗಳ ಮೇಲೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯವರು ನನ್ನನ್ನು ಕರೆದರು. ಘಟ್ಟದ ಮೇಲೆ ಹುಟ್ಟುವ ನದಿಯನ್ನು ಅಳಿವೆಯವರೆಗೂ ಒಂದೇ ಎಂದು ನೋಡಬೇಕು, ಕೆಳಗಿನ ಭಾಗ ನೀವು ನೋಡಿಕೊಳ್ಳಿ ಎಂದರು. ಎಷ್ಟು ಗಿಡ ನೆಡಬೇಕು ಎಂದು ಅವರು ಹೇಳಲಿಲ್ಲ. ಅದೇ ನನಗೆ ಹಿಡಿಸಿತು. ಆದರೆ ಅವರ ಬಳಿ ವಾಹನ ಇರಲಿಲ್ಲ. ಮನೆಗೆ ಬಂದು ಹೇಳಿದೆ.

"ವಾರಕ್ಕೆ ಒಂದು ಸಲ ತಾನೇ? ಅಷ್ಟಕ್ಕೆ ಡಾಕ್ಟರು ಏನೂ ಹೇಳಲಿಕ್ಕಿಲ್ಲ. ಗಾಡಿ ಇದೆ, ನಾನೂ ಇದ್ದೇನೆ," ಎಂದರು ಅಬ್ಬಾ.

ಮೊದಲ ದಿನ ಅವರನ್ನು ಅಳಿವೆಯ ಆಚೆ ದಂಡೆಯ ಹಳೆಯ ಕಾಂಡ್ಲಾ ಕಾಡಿಗೆ ದೋಣಿಯಲ್ಲಿ ಕರೆದುಕೊಂಡು ಹೋದೆ. ಬೇರುಗಳ ನಡುವೆ ಸಣ್ಣ ಬಲೆ ಆಡಿಸಿ, ನೀರಿದ್ದ ಬಿಳಿ ಟ್ರೇಗೆ ಬಗ್ಗಿಸಿದೆ. ಸಿಗಡಿ ಮರಿಗಳು, ಉಗುರಿನಷ್ಟು ಏಡಿಗಳು, ಬೆರಳುದ್ದದ ಮೀನಿನ ಮರಿಗಳು. ಅಬ್ಬಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮೈಮೇಲೆ ಅಡ್ಡಪಟ್ಟಿ ಇದ್ದ ಒಂದು ಮರಿಯನ್ನು ತೋರಿಸಿ ಇದು ಯಾವುದು ಎಂದು ಕೇಳಿದರು. ಕೆಂಬೇರಿ ಎಂದೆ.

"ಇದು ಕೆಂಬೇರಿಯಾ?" ಎಂದು ಇನ್ನೂ ಹತ್ತಿರ ಬಗ್ಗಿದರು. "ತೋಳಿನಷ್ಟು ಉದ್ದದ್ದನ್ನು ಹೊತ್ತು ಹಾಕಿದ್ದೇನೆ ಗಾಡಿಗೆ. ಅದು ಇಲ್ಲಿ ಬೆಳೀತದೆ ಅಂತ ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡು."

ಟ್ರೇಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ನಿಧಾನಕ್ಕೆ ಬೇರಿನ ಬುಡದಲ್ಲಿ ನೀರಿಗೆ ಬಿಟ್ಟರು. ಅವತ್ತು ಘಟ್ಟ ಹತ್ತುವಾಗ ಪ್ರಶ್ನೆ ಕೇಳುವ ಸರದಿ ಅವರದಾಗಿತ್ತು.

ಗಿಡ ನೆಡುವ ವಿಷಯ ಬಂದಾಗ ತಕರಾರು ಎದ್ದಿತು. ಅಲ್ಲಿ ಕೆಸರಿನಿಂದ ಬಳಚು ಆರಿಸಿ ಜೀವನ ಮಾಡುವ ಹೆಂಗಸರಿದ್ದಾರೆ. ಬಳಚು ಎಂದರೆ ಎರಡು ಚಿಪ್ಪಿನೊಳಗೆ ಮಾಂಸ ಇರುವ ಜೀವಿ, ಇಳಿತದ ಹೊತ್ತಿನಲ್ಲಿ ಕೈಯಿಂದ ತಡಕಿ ತೆಗೆಯುತ್ತಾರೆ. ಹಿಂದಿನ ಯೋಜನೆ ನೆನಪಿದ್ದ ಅವರು ನಮ್ಮ ಗಾಡಿಯ ಸುತ್ತ ನಿಂತರು. ಅವರಲ್ಲಿ ಹಿರಿಯಾಕೆ ಮಾತಾಡಿದಳು. ಅಬ್ಬಾನನ್ನು ಬಂದರಿನಲ್ಲಿ ನೋಡಿ ಗೊತ್ತಿದ್ದವಳು.

"ನೀವು ಗಿಡ ನೆಟ್ಟು ಘಟ್ಟದ ಮೇಲೆ ಹೋಗ್ತ್ರಿ ಸಾಯ್ಬ್ರೇ. ಕೆಸರೆಲ್ಲ ಗಿಡ ಆದ್ರೆ ನಮ್ಗೆ ಬಳಚು ತೆಗೂಕೆ ಜಾಗ ಎಲ್ಲದೆ?"

ಅಬ್ಬಾ ನನ್ನ ಕಡೆ ನೋಡಿದರು. ಬೋಳು ಕೆಸರು ಹಾಳುಬಿದ್ದ ಜಾಗವಲ್ಲ, ಬಳಚಿಗೂ ದೂರದಿಂದ ಬರುವ ಹಕ್ಕಿಗಳಿಗೂ ಅದು ಹಾಗೆಯೇ ಇರಬೇಕು ಎಂದು ನನಗೂ ಅನ್ನಿಸಿತ್ತು. ಆಕೆಗೆ ಅದನ್ನೇ ಹೇಳಿದೆ. ಬಯಲು ಕೆಸರಿಗೆ ಕೈ ಹಚ್ಚುವುದಿಲ್ಲ, ಹಾಗಾದರೆ ಗಿಡ ಎಲ್ಲಿ ಬೇಕು ಎಂದು ನೀವೂ ಜೊತೆಗೆ ಬಂದು ನೋಡಿ ಎಂದು ಕೇಳಿಕೊಂಡೆ. ಆಕೆ ಕೂಡಲೇ ಒಪ್ಪಲಿಲ್ಲ. ಅಬ್ಬಾ ಎಲ್ಲರಿಗೂ ಚಹಾ ಹೇಳಿದರು. ಮನೆಯ ವಿಚಾರ, ಸೊಂಟನೋವು, ಬಂದರಿನ ಹಳೆಯ ಸುದ್ದಿ ಎಲ್ಲ ಆಯಿತು. ಮುಂದಿನ ವಾರ ಹೋದಾಗ ಆಕೆ ಸೀರೆ ಎತ್ತಿಕಟ್ಟಿಕೊಂಡು ಕಾಯುತ್ತಿದ್ದಳು. ಉಪ್ಪುನೀರಿನ ಗದ್ದೆಗಳಿಗೆ ಹಾಕಿದ ಮಣ್ಣಿನ ಕಟ್ಟೆಯ ಉದ್ದಕ್ಕೂ ಎಲ್ಲರೂ ನಡೆದೆವು. ಅಲೆ ಹೊಡೆದು ಕಟ್ಟೆ ಕುಸಿಯುತ್ತಿದ್ದ ಕಡೆ, ಅದರ ಬುಡಕ್ಕೆ ಮಾತ್ರ ನೆಡುವುದೆಂದು ಮಾತಾಯಿತು. ಅಲ್ಲಿ ನೀರಿನ ಸೆಳೆತವೂ ಕಡಿಮೆ ಇತ್ತು.

ಕಾಂಡ್ಲಾ ಬೀಜ ಮರದಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಜೋತು ಬೀಳುತ್ತದೆ. ಆಚೆ ದಂಡೆಯ ಕಾಡಿನಲ್ಲಿ ಅವನ್ನು ಆರಿಸಿ ತಂದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಗಾಡಿಯಲ್ಲಿ ಮೀನಿನ ಬುಟ್ಟಿ ಇಡುತ್ತಿದ್ದ ಜಾಗದಲ್ಲಿ ಪೇರಿಸಿದೆವು. ಉಬ್ಬುತಗ್ಗು ಬಂದಾಗಲೆಲ್ಲ ಅಬ್ಬಾ ಗಾಡಿಯನ್ನು ಹಗುರಕ್ಕೆ ಇಳಿಸುತ್ತಿದ್ದರು. ಐಸು ಹೇರಿದಾಗಲೂ ಅಷ್ಟು ಜೋಪಾನ ಮಾಡಿದವರಲ್ಲ. ಹೆಂಗಸರು ನೆಟ್ಟರು, ನಾನು ನೆಟ್ಟೆ, ಸೊಂಟನೋವಿನ ಅಬ್ಬಾ ಕಟ್ಟೆಯ ಮೇಲೆ ಕೂತು ಸಾಲು ಸೊಟ್ಟ ಆಯಿತೆಂದು ಹೇಳುತ್ತಿದ್ದರು. ಸೊಟ್ಟ ಇದ್ದರೂ ನಡೆಯುತ್ತದೆ ಎಂದರೆ ಅವರಿಗೆ ಸಮಾಧಾನವಿಲ್ಲ.

ಆ ಮಳೆಗಾಲದಲ್ಲಿ ಕೆಲವು ಸತ್ತವು. ಹೆಚ್ಚಿನವು ನಿಂತವು. ಸತ್ತ ಕಡೆ ಹೆಂಗಸರು ನಮಗೆ ಕಾಯದೆ ತಾವೇ ಬೇರೆ ನೆಟ್ಟರು. ಈಗ ಅವು ನನ್ನ ತಲೆಗಿಂತ ಎತ್ತರ. ಹೋದ ವರ್ಷದ ನೆರೆಗೆ ಕಟ್ಟೆಯ ಆ ಭಾಗ ಜಗ್ಗಲಿಲ್ಲ. ಎದುರಿನ ಬಯಲು ಕೆಸರಿನಲ್ಲಿ ಮೊದಲಿನಂತೆಯೇ ಬಳಚು ತೆಗೆಯುತ್ತಾರೆ. ಶಿರಸಿ ಮಾರುಕಟ್ಟೆಗೆ ತೀರ ಎಳೆಯ ಕೆಂಬೇರಿ ಬಂದರೆ ಅಬ್ಬಾ ಅಂಗಡಿಯ ಮುಂದೆ ನಿಂತು, ಅವು ಎಲ್ಲಿ ಬೆಳೆಯುತ್ತವೆ ಎಂದು ಶುರುಮಾಡುತ್ತಾರೆ. ಮೊದಮೊದಲು ಅಂಗಡಿಯವರು ನಗುತ್ತಿದ್ದರು. ಅವರಲ್ಲಿ ಅಬ್ಬಾನ ಹಳೆಯ ಗಿರಾಕಿಯೊಬ್ಬರು ಮರಿಮೀನು ತರಿಸುವುದನ್ನು ನಿಜವಾಗಿಯೂ ನಿಲ್ಲಿಸಿದ್ದಾರೆ. ನಾನು ಸಿದ್ದಾಪುರ, ಯಲ್ಲಾಪುರದ ಶಾಲೆಗಳ ಮಕ್ಕಳನ್ನು ಅಳಿವೆಗೆ ಕರೆದೊಯ್ಯುತ್ತೇನೆ. ನಮ್ಮೂರ ಹೊಳೆ ಇಲ್ಲಿಗೆ ಬಂದು ಮುಟ್ಟುತ್ತದೆಯೇ ಎಂದು ಅವರು ಕೇಳುವಾಗ ನನಗೆ ಬೇರೇನೂ ಬೇಡ, ಈ ಕೆಲಸವೊಂದೇ ಸಾಕು ಅನ್ನಿಸುತ್ತದೆ.

ಕಳೆದ ತಿಂಗಳು ಅಮ್ಮಿ ತಾನೂ ಬರುತ್ತೇನೆಂದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾನು ಹಿಂದೆ ಬಲೆ, ಟ್ರೇಗಳ ಜೊತೆ ಕೂತೆ. ಘಟ್ಟದ ತಿರುವುಗಳಲ್ಲಿ ಅವಳು ಬಾಯಿಗೆ ಹುಣಸೆಹಣ್ಣು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅಳಿವೆಗೆ ಬಂದ ಮೇಲೆ ಕೆಸರಿಗೆ ಇಳಿಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಕಟ್ಟೆಯ ನೆರಳಿನಲ್ಲಿ ಚಿಪ್ಪು ಬಿಡಿಸುತ್ತಿದ್ದ ಹೆಂಗಸರ ಪಕ್ಕ ಕೂತಳು. ನಾನು ನೀರಿನಿಂದ ಮೇಲೆ ಬರುವ ಹೊತ್ತಿಗೆ ಬಳಚಿನ ಸುಕ್ಕಾ ಎಂಬ ಒಣ ಪಲ್ಯಕ್ಕೆ ತೆಂಗಿನಕಾಯಿ ಹುರಿಯಬೇಕೋ ಬೇಡವೋ ಎಂಬ ಮಾತು ಜೋರಾಗಿತ್ತು. ಹಿರಿಯಾಕೆ ಬೇಡವೇ ಬೇಡ ಎನ್ನುತ್ತಿದ್ದಳು. ಅಮ್ಮಿ ಬಿಡುತ್ತಿರಲಿಲ್ಲ.

"ಮುಂದಿನ ವಾರ ಹುರಿದು ಮಾಡಿ ತರ್ತೇನೆ. ತಿಂದು ಆಮೇಲೆ ಹೇಳಿ," ಎಂದಳು.